4ಕೆ ವಿಡಿಯೊಗೆ 4 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಆಯ್ತು ಸಾರ್ ಅಂದರು, ನಾನು ನಂಬಿದೆ

ಟಿವಿಗೆ ಸಿಕ್ಕಿಸಿಕೊಂಡಿರೋ ಹಳೇ ಕಂಪ್ಯೂಟರ್ ಯಾರ ಮನೆಯಲ್ಲಾದರೂ ಇದ್ದರೆ, ಅದನ್ನು ಎತ್ತಿಕೊಂಡು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರಸ್ತೆಗೆ ಹೋಗುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು ಹೋಗಿ 12,400 ರೂಪಾಯಿ ಕಳೆದುಕೊಂಡು ಬಂದಿದ್ದೇನೆ. ಒಂದೇ ಸಲಕ್ಕೆ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಎರಡು ಸಲ ಹೋದೆ. ಎರಡು ಸಲವೂ ಕೈಯಾರೆ ಯುಪಿಐ ಮಾಡಿ, ಥ್ಯಾಂಕ್ಸ್ ಹೇಳಿ ಬಂದೆ.

ನನ್ನ ಪಿಸಿ 2013ರದು. ಐ3 3220 ಪ್ರೊಸೆಸರ್, ಎಚ್61 ಬೋರ್ಡ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಟಿವಿ ಸ್ಟ್ಯಾಂಡಿನ ಕೆಳಗೆ ಹಳೇ ವಿಸಿಆರ್ ಥರ ಮಲಗಿರೋ ತೆಳ್ಳನೆ ಕ್ಯಾಬಿನೆಟ್. ವಿಡಿಯೊ ನೋಡೋಕೆ ಎಕ್ಸ್‌ಬಿಎಂಸಿ ಅನ್ನೋ ಪ್ರೋಗ್ರಾಂ ಹಾಕಿಕೊಂಡಿದ್ದೆ, ಮಾರನೇ ವರ್ಷ ಅದಕ್ಕೆ ಕೋಡಿ ಅಂತ ಹೆಸರು ಬದಲಾಯಿತು. ಆವತ್ತಿನಿಂದ ಹನ್ನೆರಡು ವರ್ಷ ಒಂದು ದಿನವೂ ಕೈ ಕೊಟ್ಟಿಲ್ಲ. ಓಡುತ್ತಿದೆ ಅಂತ ಗೊತ್ತಾಗದಷ್ಟು ಸದ್ದಿಲ್ಲದ ಯಂತ್ರ. ಅದನ್ನು ಹಾಳು ಮಾಡಿದವನು ನಾನೇ.

2025ರ ಸೆಪ್ಟೆಂಬರ್ 22ಕ್ಕೆ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು ಅಲ್ವಾ, ಆಗ ಮನೆಗೆ 55 ಇಂಚಿನ 4ಕೆ ಟಿವಿ ಬಂತು. ದೀಪಾವಳಿ ಹೊತ್ತಿಗೆ ಅಕ್ಕ ಬಂದಳು, ಮಗಳ ಮದುವೆಯ ವಿಡಿಯೊ ಪೆನ್‌ಡ್ರೈವ್ ತಂದಿದ್ದಳು. ಫೋಟೋಗ್ರಾಫರ್ 4ಕೆಯಲ್ಲೇ ಕೊಟ್ಟಿದ್ದ. ನಮ್ಮಮ್ಮ ಮಂಡಿ ಆಪರೇಷನ್ ಆಗಿದ್ದರಿಂದ ಆ ಮದುವೆಗೆ ದಾವಣಗೆರೆಗೆ ಹೋಗೋಕೆ ಆಗಿರಲಿಲ್ಲ. ಮೊಮ್ಮಗಳ ತಾಳಿ ಕಟ್ಟೋದು ನೋಡಬೇಕು ಅಂತ ಕನ್ನಡಕ ಒರೆಸಿಕೊಂಡು ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು.

ಪುರೋಹಿತರು ಗಟ್ಟಿಮೇಳ ಗಟ್ಟಿಮೇಳ ಅಂದಿದ್ದು ಕೇಳಿಸಿತು. ವಾಲಗದ ಸದ್ದು ಏರಿತು. ಪರದೆ ಮೇಲೆ ಮದುಮಗ ಮಾಂಗಲ್ಯ ಹಿಡಿದು ಕೈ ಎತ್ತಿದ, ಹಾಗೇ ನಿಂತುಬಿಟ್ಟ. ವಾಲಗ ಮಾತ್ರ ಜೋರಾಗಿ ನಡೆಯುತ್ತಿದೆ. ಚಿತ್ರ ಮತ್ತೆ ಅಲ್ಲಾಡಿದಾಗ ತಾಳಿ ಕತ್ತಿನಲ್ಲಿತ್ತು, ಅಕ್ಷತೆ ನೆಲದ ಮೇಲಿತ್ತು.

"ಕಟ್ಟಿದ್ದೇ ಕಾಣ್ಲಿಲ್ಲವಲ್ಲೋ" ಅಂದರು ಅಮ್ಮ.

ಮೂರು ಸಲ ಹಿಂದಕ್ಕೆ ಹೋಗಿ ಹಾಕಿದೆ. ಮೂರು ಸಲವೂ ಅಲ್ಲೇ ನಿಂತಿತು.

ಅಕ್ಕನ ಮಗ, ಅಂದರೆ ನನ್ನ ಅಳಿಯ, ಪುಣೆಯಲ್ಲಿದ್ದಾನೆ. ಅವನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟು. ಈ ವಿಡಿಯೊ ಎಚ್‌ಇವಿಸಿ 10 ಬಿಟ್, ಅಂದರೆ ವಿಡಿಯೊವನ್ನು ಚಿಕ್ಕದಾಗಿ ಅದುಮಿಡೋ ಒಂದು ವಿಧಾನ. ಅದನ್ನು ಬಿಡಿಸುವ ಸರ್ಕ್ಯೂಟ್ ನನ್ನ ಕಾಲದ ಪ್ರೊಸೆಸರ್‌ನಲ್ಲಿ ಇಲ್ಲ. ಇಂಟೆಲ್ 7ನೇ ತಲೆಮಾರಿನಿಂದ, ಅಂದರೆ ಹೆಚ್ಚುಕಮ್ಮಿ 2017ರಿಂದ ಈಚೆಗೆ ಅದು ಒಳಗೇ ಬರುತ್ತದೆ. ನನ್ನದು 3ನೇದು. ಹಾಗಾಗಿ ಪಾಪ ಅದು ಪೂರ್ತಿ ಕೆಲಸವನ್ನು ತಲೆಯಲ್ಲೇ ಲೆಕ್ಕ ಹಾಕಿ ಮಾಡಬೇಕು, ನೂರಕ್ಕೆ ನೂರು ದುಡಿದರೂ ಸಾಲುವುದಿಲ್ಲ. "ಹೊಸದೇ ತಗೋ ಮಾಮ. ಹಳೇದನ್ನೇ ಉಳಿಸ್ಕೋಬೇಕು ಅಂದ್ರೆ ಜಿಟಿ 1030 ಅನ್ನೋ ಗ್ರಾಫಿಕ್ಸ್ ಕಾರ್ಡ್ ಹಾಕ್ಸು, ಅದು ಬಿಡಿಸುತ್ತೆ. ಬೇರೆ ಯಾವ್ದೂ ಕೊಟ್ರೂ ಬೇಡ ಅನ್ನು." ಬೇರೆ ಯಾವ್ದೂ ಬೇಡ ಅನ್ನು ಅಂತ ಅಷ್ಟು ಬಿಡಿಸಿ ಹೇಳಿದ್ದ. ಒಂದು ಚೀಟಿಯಲ್ಲಿ ಬರೆದುಕೊಂಡೂ ಹೋಗಿದ್ದೆ. ಇದನ್ನು ಬರೆಯುವಾಗ ನನಗೇ ನಾಚಿಕೆ ಆಗ್ತಿದೆ.

ಶನಿವಾರ ಪಿಸಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದೆ. ಎಸ್‌ಪಿ ರಸ್ತೆ ಗೊತ್ತಲ್ಲ, ನಡೆಯೋಕೆ ಜಾಗ ಇಲ್ಲ, ಪ್ರತಿ ಅಂಗಡಿಯವನೂ "ಏನ್ ಬೇಕು ಸಾರ್, ಲ್ಯಾಪ್‌ಟಾಪಾ, ಸಿಸಿಟಿವಿನಾ" ಅಂತ ಕರೆಯುತ್ತಾನೆ. ಮೂರನೇ ಅಂಗಡಿಯಲ್ಲಿ ಚೀಟಿ ತೋರಿಸಿದೆ.

ಅವನು ಚೀಟಿ ನೋಡಿ ನಕ್ಕ. "1030 ಈಗ ಬರ್ತಿಲ್ಲ ಸಾರ್. ಬಂದ್ರೂ ಅದು 2 ಜಿಬಿ ಅಷ್ಟೇ. ನೀವು ನೋಡೋದು ಏನು?"

"4ಕೆ" ಅಂದೆ.

"ಅದೇ ಮತ್ತೆ. 4ಕೆಗೆ 4 ಜಿಬಿ ಹಾಕ್ಬೇಕು ಸಾರ್. ಜಿಟಿ 730, 4 ಜಿಬಿ. 5,400 ರೂಪಾಯಿ. 1030ಕ್ಕಿಂತ ಡಬಲ್."

4ಕೆಗೆ 4 ಜಿಬಿ. ಈಗ ಯೋಚಿಸಿದರೆ ಮೈ ಉರಿಯುತ್ತದೆ. 4ಕೆ ಅನ್ನೋದು ಚಿತ್ರದ ಚುಕ್ಕಿಗಳ ಲೆಕ್ಕ, 4 ಜಿಬಿ ಅನ್ನೋದು ಮೆಮೊರಿ ಲೆಕ್ಕ. ಸೈಟಿನ ಅಡಿಗೂ ಚಪ್ಪಲಿ ಸೈಜಿಗೂ ನಂಟು ಹಾಕಿದ ಹಾಗೆ. ಆದರೆ ಅಂಗಡಿಯ ಸ್ಟೂಲ್ ಮೇಲೆ ಕೂತಿದ್ದಾಗ ನನಗೆ ಹೊಳೆದದ್ದು ಒಂದೇ: ಹೌದಲ್ಲ, ನಾಲ್ಕಕ್ಕೆ ನಾಲ್ಕು ಸರಿಹೋಯ್ತು! ಚೀಟಿ ಜೇಬಿಗೆ ಹಾಕಿಕೊಂಡೆ. ಅಳಿಯನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಅಂಗಡಿಯವರ ಮುಂದೆ ಏನೂ ಗೊತ್ತಿಲ್ಲದವನ ಥರ ಕಾಣಬಾರದು ಅಂತ.

ಅಲ್ಲಿಂದ ಲೆಕ್ಕ ಬೆಳೆಯಿತು. ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿಗಿಂತ ವೇಗದ ಡ್ರೈವ್, 240 ಜಿಬಿ, 1,900. (ಇದೊಂದು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂತು, ಪಿಸಿ ಬೇಗ ಆನ್ ಆಗುತ್ತದೆ. ಸುಳ್ಳು ಹೇಳಬಾರದು.) ಇನ್ನೊಂದು 4 ಜಿಬಿ ರ್‍ಯಾಮ್, ಹಳೇದು, 800. ವಿಂಡೋಸ್ 11 ಹಾಕೋಕೆ ಮತ್ತೊಂದು 800. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ ಅಂತ ನಾನೂ ಓದಿದ್ದೆ, ಅದಕ್ಕೆ ಹೂಂ ಅಂದೆ. ವಿಂಡೋಸ್ 11ಕ್ಕೆ ನಡೆಯೋ ಪ್ರೊಸೆಸರ್‌ಗಳ ಪಟ್ಟಿ ಶುರುವಾಗೋದೇ ಹೆಚ್ಚುಕಮ್ಮಿ ಇಂಟೆಲ್ 8ನೇ ತಲೆಮಾರಿನಿಂದ, ನನ್ನ ಪಿಸಿಗೆ ಅದನ್ನು ಹಿಂಬಾಗಿಲಿನಿಂದ ತುರುಕುತ್ತಿದ್ದಾರೆ ಅಂತ ಗೊತ್ತಿರಲಿಲ್ಲ. ಈಗ ಪರದೆಯ ಬಲಮೂಲೆಯಲ್ಲಿ 'ಸಿಸ್ಟಂ ರಿಕ್ವೈರ್‌ಮೆಂಟ್ಸ್ ನಾಟ್ ಮೆಟ್' ಅಂತ ಒಂದು ಸಾಲು ಕೂತಿದೆ.

ಒಟ್ಟು 8,900. "ಬಿಲ್ ಬೇಕಾ ಸಾರ್? ಬಿಲ್ ಆದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ." ಲೆಕ್ಕ ಹಾಕಿದೆ, 1,602 ರೂಪಾಯಿ. ಬೇಡ ಅಂದೆ. ಹೌದು, ನಾನೇ ಬೇಡ ಅಂದೆ. ಬೈಯೋರು ಬೈಯಿರಿ.

ಅಲ್ಲೇ ಕೂತು ಜೋಡಿಸೋದನ್ನು ನೋಡಿದೆ. ಕಾರ್ಡ್ ನನ್ನ ಕ್ಯಾಬಿನೆಟ್ಟಿಗೆ ಎತ್ತರ. ತೆಳ್ಳನೆ ಕ್ಯಾಬಿನೆಟ್ಟಿಗೆ ಗಿಡ್ಡ ಕಾರ್ಡ್ ಬೇಕು, ಅದು ಲೋ ಪ್ರೊಫೈಲ್ ಅಂತಲೇ ಸಿಗುತ್ತದೆ. ಹುಡುಗ ಕಟಿಂಗ್ ಪ್ಲೇಯರ್ ತಗೊಂಡು ಕಾರ್ಡಿನ ಪಟ್ಟಿಯನ್ನೇ ಬಗ್ಗಿಸಿದ. ಆದರೂ ಮುಚ್ಚಳ ಕೂರಲಿಲ್ಲ. ಒಂದು ಬೆರಳು ಸಂದಿ ಬಿಟ್ಟು ಎರಡು ಪ್ಲಾಸ್ಟಿಕ್ ಟ್ಯಾಗ್ ಬಿಗಿದ. "ಹೀಗಿದ್ರೆ ಗಾಳಿ ಆಡುತ್ತೆ ಸಾರ್, ಒಳ್ಳೇದೇ" ಅಂದ.

ವಿಡಿಯೊ ಹಾಕಿ ತೋರಿಸಿ ಅಂತ ಕೇಳಿದೆನಾ? ಕೇಳಿದೆ. ಅವರ ಹತ್ತಿರ ಇದ್ದ ಯಾವುದೋ ಹಾಡನ್ನು ಹಾಕಿದರು. ಚೆನ್ನಾಗಿ ಓಡಿತು. ಅದು ಸಾಮಾನ್ಯ ಎಚ್‌ಡಿ ಹಾಡು, ನನ್ನ ಹಳೇ ಐ3 ಕಣ್ಣು ಮುಚ್ಚಿಕೊಂಡು ಓಡಿಸುತ್ತಿದ್ದಂಥದ್ದು. ಪೆನ್‌ಡ್ರೈವ್ ನನ್ನ ಜೇಬಿನಲ್ಲಿ ಇರಲಿಲ್ಲ, ಮನೆಯಲ್ಲಿ ದೇವರ ಮನೆ ಶೆಲ್ಫಿನಲ್ಲಿತ್ತು.

ಮನೆಗೆ ಬಂದೆ. ಗಟ್ಟಿಮೇಳ ಗಟ್ಟಿಮೇಳ. ಮದುಮಗ ಮತ್ತೆ ಕೈ ಎತ್ತಿ ನಿಂತ. ಜೊತೆಗೆ ಈಗ ಕಾರ್ಡಿನ ಸಣ್ಣ ಫ್ಯಾನು ಗುಂಯ್ ಅಂತ. ಟಿವಿಯಲ್ಲಿ ನೋಡಿದರೆ ಇನ್ನೂ 1920x1080 ಅಂತಲೇ ತೋರಿಸುತ್ತಿದೆ, 4ಕೆ ಇಲ್ಲವೇ ಇಲ್ಲ.

ಅಂಗಡಿಯವರಿಗೆ ವಾಟ್ಸ್‌ಆ್ಯಪ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಹಾಕ್ತೀನಿ, ನೀವೇ ನೋಡಿ.

"ಕಾರ್ಡ್ ಓಕೆ ಸಾರ್. ನಿಮ್ಮ ಫೈಲ್ ಪ್ರಾಬ್ಲಮ್."

ಫೈಲ್ ಸರಿ ಇದೆ, ಫೋನಿನಲ್ಲಿ ಓಡುತ್ತೆ ಅಂದೆ.

"ಫೋನ್ ಬೇರೆ ಪಿಸಿ ಬೇರೆ ಸಾರ್."

ಕಾರ್ಡ್ ವಾಪಸ್ ತಗೊಳ್ಳಿ ಅಂದೆ. ಎರಡು ದಿನ ಉತ್ತರ ಇಲ್ಲ, ನೀಲಿ ಟಿಕ್ ಮಾತ್ರ. ಮೂರನೇ ದಿನ: "ನಿಮ್ಮ ಪ್ರೊಸೆಸರ್ ವೀಕ್ ಸಾರ್. ಐ7 3770 ಹಾಕ್ಸಿ. ನಿಮಗೆ ಅಂತ 3,500."

ಇಲ್ಲಿಗೆ ನಿಲ್ಲಿಸಬೇಕಿತ್ತು ಅಲ್ವಾ? ನಿಲ್ಲಿಸಲಿಲ್ಲ. 8,900 ಹಾಕಿದ್ದೀನಿ, ಅದು ಸುಮ್ನೆ ಹೋಗಬಾರದು ಅಂತ ಮತ್ತೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೊರಟೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು "ರೀ, ಈ ಸಲ ಬೆಡ್‌ಶೀಟ್ ಆದ್ರೂ ವಾಪಸ್ ತನ್ನಿ" ಅಂದಳು.

ಐ7 ಹಾಕಿದ ಮೇಲೆ ಎಳೆದಾಡುವುದು ಸ್ವಲ್ಪ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಬದಲಿಗೆ ಪೆಟ್ಟಿಗೆ ಕಾಯತೊಡಗಿತು. ಹಳೇ ಐ3 55 ವಾಟ್, ಇದು 77 ವಾಟ್, ಅದೇ ತೆಳ್ಳನೆ ಡಬ್ಬ, ಅದೇ ಸಣ್ಣ ಫ್ಯಾನು. ಮದುವೆ ವಿಡಿಯೊದಲ್ಲಿ ಮಂತ್ರಕ್ಕಿಂತ ಫ್ಯಾನಿನ ಸದ್ದೇ ಜೋರು.

ಅಳಿಯ ಡಿಸೆಂಬರ್‌ನಲ್ಲಿ ಮನೆಗೆ ಬಂದ. ಮುಚ್ಚಳದ ಸಂದಿ ನೋಡಿದ, ಪ್ಲಾಸ್ಟಿಕ್ ಟ್ಯಾಗ್ ನೋಡಿದ, ನನ್ನ ಮುಖ ನೋಡಿದ. ಜಿಪಿಯು-ಝಡ್ ಅಂತ ಒಂದು ಸಣ್ಣ ಪ್ರೋಗ್ರಾಂ ಇದೆ, ಕಾರ್ಡಿನ ಜಾತಕ ತೋರಿಸುತ್ತದೆ. ಅದನ್ನು ಹಾಕಿದ. ಚಿಪ್ಪಿನ ಹೆಸರು ಜಿಎಫ್108 ಅಂತ ಬಂತು.

"ಮಾಮ, ನಿನ್ನ ಪಿಸಿ ಯಾವ ವರ್ಷದ್ದು?"

"2013."

"ಈ ಚಿಪ್ 2010ರದು."

ಒಂದೆರಡು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಹೊಸದು ಮಾಡ್ತೀನಿ ಅಂತ ಹಾಕಿಸಿದ್ದು ಹಳೇದಕ್ಕಿಂತ ಹಳೇದು! ಜಿಟಿ 730 ಅಂತ 2014ರಲ್ಲಿ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ಪಿನ ಕಾರ್ಡ್ ಬಂದವಂತೆ, ಅದರಲ್ಲಿ ಒಂದು ಬಗೆ ಜಿಟಿ 430ರ ಕಾಲದ ಚಿಪ್ಪಿಗೆ ಹೊಸ ಹೆಸರು ಹಚ್ಚಿದ್ದು. ನನಗೆ ಸಿಕ್ಕಿದ್ದು ಅದೇ. ಹಾಗಾಗಿ ಇದು ನಕಲಿ ಕಾರ್ಡೂ ಅಲ್ಲ, ಕಾನೂನಿನ ಪ್ರಕಾರ ಅಸಲಿಯೇ. ಎಚ್‌ಇವಿಸಿ ಬಿಡಿಸುವ ಸರ್ಕ್ಯೂಟ್ ಅದರಲ್ಲಿ ಇಲ್ಲ. 4 ಜಿಬಿ ಅಲ್ಲ, 40 ಜಿಬಿ ಮೆಮೊರಿ ಇದ್ದರೂ ಮದುಮಗ ಕೈ ಎತ್ತಿಕೊಂಡೇ ನಿಲ್ಲುತ್ತಿದ್ದ.

ಅಲ್ಲಿಗೆ ಅವಮಾನ ಮುಗಿಯಿತು ಅಂದುಕೊಂಡೆ. ಇಲ್ಲ. ಅಳಿಯ ಎದ್ದು ಪೆನ್‌ಡ್ರೈವ್ ಕಿತ್ತು, ಟಿವಿಯ ಹಿಂದೆ ಕೈ ಹಾಕಿ, ಟಿವಿಯ ಯುಎಸ್‌ಬಿಗೇ ಸಿಕ್ಕಿಸಿದ. ರಿಮೋಟ್ ಒತ್ತಿದ. ಗಟ್ಟಿಮೇಳ ಗಟ್ಟಿಮೇಳ, ಮದುಮಗ ಬಗ್ಗಿ ಮೂರು ಗಂಟು ಹಾಕಿದ, ಅಕ್ಷತೆ ಮಳೆ ಸುರಿಯಿತು. ಒಂದು ಕಡೆಯೂ ನಿಲ್ಲಲಿಲ್ಲ. ಟಿವಿಯಲ್ಲೇ ಆ ಸರ್ಕ್ಯೂಟ್ ಇದೆಯಂತೆ. ಈಗಿನ 4ಕೆ ಟಿವಿಗಳಲ್ಲೆಲ್ಲ ಇರುತ್ತದಂತೆ. ನನ್ನ ಟಿವಿಯ ಬೆನ್ನಲ್ಲೇ ಆ ತೂತು ಎರಡು ತಿಂಗಳಿಂದ ಖಾಲಿ ಇತ್ತು.

ಅಮ್ಮ ಎರಡು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ "ಮತ್ತೆ ಆ ಪೆಟ್ಟಿಗೆ ಯಾಕೋ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಗಡಿಗೆ ಫೋನ್ ಮಾಡಿ ಜಿಎಫ್108 ಅಂದೆ, 2010 ಅಂದೆ. ಅವನ ಉತ್ತರ: "ಸಾರ್, ನೀವು 1030 ಅಂತ ಗಟ್ಟಿಯಾಗಿ ಕೇಳ್ಬೇಕಿತ್ತು." ಕೇಳಿದ್ದೆ! ಬರೆದುಕೊಂಡು ಬಂದಿದ್ದೆ! "ಬಾಕ್ಸ್ ನೋಡ್ಕೊಂಡೇ ತಗೊಂಡ್ರಲ್ಲ." ನೋಡಿದ್ದೆ, ಏನು ನೋಡಬೇಕು ಅಂತ ಗೊತ್ತಿರಲಿಲ್ಲ. ಕೊನೆಗೆ, "ಬೋರ್ಡೇ ಹಳೇದು ಸಾರ್, ಅದಕ್ಕೆ ಏನ್ ಹಾಕಿದ್ರೂ ಅಷ್ಟೇ. ಪೂರ್ತಿ ತಂದುಬಿಡಿ, ಹೊಸದಕ್ಕೆ ಎಕ್ಸ್‌ಚೇಂಜ್ 1,500 ಹಾಕೊಳ್ತೀನಿ." ಅವನೇ 12,400 ಹಾಕಿಸಿದ ಪೆಟ್ಟಿಗೆಗೆ, ಅವನೇ ಕಟ್ಟಿದ ಬೆಲೆ 1,500. ಅದಕ್ಕೆ ಏನ್ ಹಾಕಿದ್ರೂ ಅಷ್ಟೇ ಅನ್ನೋದು ಮೊದಲನೇ ದಿನ ಗೊತ್ತಿರಲಿಲ್ಲವಾ?

ಹೊಸದು ಬೇಕೇ ಬೇಕು ಅಂದರೆ ಇಂಟೆಲ್ ಎನ್100 ಇರೋ ಅಂಗೈ ಗಾತ್ರದ ಮಿನಿ ಪಿಸಿ ನೋಡಿ ಅಂತ ಅಳಿಯ ಹೇಳಿದ. ಪ್ರೊಸೆಸರ್ 6 ವಾಟ್, ಎಚ್‌ಇವಿಸಿ 10 ಬಿಟ್ ಅಷ್ಟೇ ಅಲ್ಲ, ಅದಕ್ಕಿಂತ ಹೊಸ ವಿಧಾನವಾದ ಎವಿ1 ಕೂಡ ಬಿಡಿಸುತ್ತದೆ. ನಾನು ಹಾಳು ಮಾಡಿದ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ದರೆ ಅದೇ ಬರುತ್ತಿತ್ತು. ಸದ್ಯಕ್ಕೆ ನನಗೆ ಪಿಸಿ ಅಂಗಡಿಯ ಬೋರ್ಡ್ ಕಂಡರೂ ಆಗುವುದಿಲ್ಲ.

ನೀವಾದರೂ ಮೊದಲು ಟಿವಿಯ ಯುಎಸ್‌ಬಿಗೆ ಹಾಕಿ ನೋಡಿ. ಕೆಲವು ಟಿವಿಗಳು ಡಿಟಿಎಸ್ ಅನ್ನೋ ಬಗೆಯ ಆಡಿಯೊ ಇರೋ ಫೈಲ್‌ಗೆ ಸದ್ದು ಕೊಡುವುದಿಲ್ಲ, ಅದು ಬೇರೆ ಮಾತು. ಅಂಗಡಿಗೆ ಹೋಗಲೇಬೇಕು ಅಂದರೆ ನಿಮ್ಮ ಪೆನ್‌ಡ್ರೈವ್ ತಗೊಂಡು ಹೋಗಿ, ನಿಮ್ಮದೇ ವಿಡಿಯೊ ಓಡಿದ ಮೇಲೆ ದುಡ್ಡು ಕೊಡಿ. ಬಿಲ್ ಬೇಡ ಅನ್ನಬೇಡಿ. ಬಿಲ್ ಕೊಡದೇ ಇರೋದು 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ತಪ್ಪು ಅಂತ ನನಗೆ ಆಮೇಲೆ ಗೊತ್ತಾಯಿತು. ಮತ್ತೆ ಯಾರಾದರೂ 4ಕೆಗೆ 4 ಜಿಬಿ ಅಂದರೆ, ಸ್ಟೂಲ್ ಬಿಟ್ಟು ಎದ್ದು ಬನ್ನಿ.

1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ಕೊಟ್ಟಿದ್ದೇನೆ. ಯುಪಿಐ ರಸೀದಿ, ವಾಟ್ಸ್‌ಆ್ಯಪ್ ಮಾತು ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ. ಅಂಗಡಿ ಹೆಸರು ಕೇಳಬೇಡಿ, ದೂರು ಮುಗಿಯುವವರೆಗೆ ಹೇಳುವುದಿಲ್ಲ. ಬಿಲ್ ಇಲ್ಲದೆ ಯಾರಿಗಾದರೂ ದುಡ್ಡು ವಾಪಸ್ ಬಂದಿದ್ದರೆ, ಏನು ಮಾಡಿದಿರಿ ಅಂತ ಸ್ವಲ್ಪ ತಿಳಿಸಿ. ಕಾರ್ಡನ್ನು ಬಿಚ್ಚಿ ಅದರ ಡಬ್ಬಕ್ಕೇ ಹಾಕಿಟ್ಟಿದ್ದೇನೆ, ಬಗ್ಗಿಸಿದ ಪಟ್ಟಿಯ ಸಮೇತ.