ಲೆಗೊ ಎಲ್ಲಿ ತುಂಬಿಡೋದು? ಟಬ್, ಖಾನೆ ಡಬ್ಬ, ಜೀನ್ಸ್ ಚೀಲ: ಬಳಸಿ ನೋಡಿದ ಹೋಲಿಕೆ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ಮಗ ಆರನೇ ಕ್ಲಾಸು, ಮಗಳು ಎರಡನೇ ಕ್ಲಾಸು. ಒಂದಕ್ಕೊಂದು ಸಿಕ್ಕಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟ, ಲೆಗೊ ಅಂದರೆ ಇಬ್ಬರಿಗೂ ಪ್ರಾಣ. ಹುಟ್ಟುಹಬ್ಬಕ್ಕೆ ಬಂದ ಸೆಟ್‌ಗಳಿವೆ. ಬೆಂಗಳೂರಿನಲ್ಲಿರುವ ಅಣ್ಣನ ಮಗ ದೊಡ್ಡವನಾದ ಮೇಲೆ ಕೊಟ್ಟದ್ದೇ ಒಂದು ರಾಶಿ ಇದೆ. ಅದರ ಜೊತೆಗೆ ಬೇರೆ ಕಂಪನಿಗಳ ಬ್ಲಾಕ್ಸ್. ಇಷ್ಟನ್ನು ಎಲ್ಲಿಡೋದು, ಹೇಗೆ ವಿಂಗಡಿಸೋದು, ಊರಿಗೆ ಹೋಗುವಾಗ ಹೇಗೆ ಒಯ್ಯೋದು ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಬಳ್ಳಾರಿ ಪೇಟೆಯಲ್ಲಿ ಸಿಗುವ ಸಾಮಾನುಗಳನ್ನೇ ಒಂದೊಂದಾಗಿ ಬಳಸಿ ನೋಡಿದ್ದೇವೆ. ಯಾವುದು ಯಾವುದಕ್ಕೆ ಸರಿ ಹೋಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುಖ್ಯವಾಗಿ ನೋಡುವುದು ಒಂದನ್ನೇ. ಮಗುವಿಗೆ ಬೇಕಾದ ಪೀಸ್ ಬೇಗ ಸಿಗಬೇಕು. ಡಬ್ಬ ಚಂದ ಇದೆಯಾ, ಶೆಲ್ಫಿನಲ್ಲಿ ಸಾಲಾಗಿ ಕೂರುತ್ತದಾ ಅನ್ನೋದೆಲ್ಲ ಆಮೇಲಿನ ಮಾತು. ಕಟ್ಟುವಾಗ ಒಂದು ಪೀಸ್‌ಗಾಗಿ ಹುಡುಕುತ್ತಾ ಕೂತರೆ ಮಕ್ಕಳ ಹುಮ್ಮಸ್ಸೇ ಇಳಿದು ಹೋಗುತ್ತದೆ.

ಮೊದಲು ದೊಡ್ಡ ಟಬ್. ಮುಚ್ಚಳ ಇರುವ, ಕೆಳಗೆ ಗಾಲಿ ಇರುವ ಪ್ಲಾಸ್ಟಿಕ್ ಟಬ್ ಎಲ್ಲ ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ಇದರ ದೊಡ್ಡ ಗುಣ ಎತ್ತಿಡುವುದರಲ್ಲಿದೆ. ಆಟ ಮುಗಿಯಿತು, ಎಲ್ಲ ಒಳಗೆ ಸುರಿ, ಮುಚ್ಚಳ ಹಾಕು, ಮಂಚದ ಕೆಳಗೆ ತಳ್ಳು. ನಮ್ಮೂರಿನ ಧೂಳಿಗೆ ಮುಚ್ಚಳ ಬೇಕೇ ಬೇಕು. ತೆರೆದ ಬುಟ್ಟಿಯಲ್ಲಿ ಇಟ್ಟರೆ ಬಿಳಿ ಪೀಸ್‌ಗಳ ಮೇಲಿನ ಉಬ್ಬು ಗುಂಡಿಗಳ ಸಂದಿನಲ್ಲಿ ಕೆಂಪು ಧೂಳು ಕೂರಲು ಜಾಸ್ತಿ ದಿನ ಬೇಕಿಲ್ಲ.

ಆದರೆ ಹುಡುಕುವುದರಲ್ಲಿ ಟಬ್ ಎಲ್ಲಕ್ಕಿಂತ ಹಿಂದೆ. ಕಾರಣ ಸುಲಭವಾಗಿದೆ. ಎಂಟು ಗುಂಡಿಯ 2×4 ಇಟ್ಟಿಗೆ 32 ಮಿಲಿಮೀಟರ್ ಉದ್ದ, 16 ಅಗಲ. ಒಂದೇ ಗುಂಡಿಯ 1×1 ಪೀಸ್ ಬರೀ 8 ಮಿಲಿಮೀಟರ್. ಟಬ್ ಎಳೆದಾಗ, ಕೈ ಹಾಕಿ ಕಲಸಿದಾಗ ದೊಡ್ಡ ಇಟ್ಟಿಗೆಗಳ ನಡುವೆ ಸಂದು ಬೀಳುತ್ತದೆ. ಚಿಕ್ಕವು ಆ ಸಂದಿನಲ್ಲಿ ಇಳಿಯುತ್ತಲೇ ಹೋಗುತ್ತವೆ. ಮಂಡಕ್ಕಿ ಡಬ್ಬದ ತಳದಲ್ಲಿ ಶೇಂಗಾ, ಪುಟಾಣಿ ಎಲ್ಲ ಕೂತಿರುತ್ತಲ್ಲ, ಹಾಗೆ. ಹುಡುಕಲು ಕೈ ಆಡಿಸಿದಷ್ಟೂ ಬೇಕಾದ ಪೀಸ್ ಇನ್ನೂ ಕೆಳಗೆ ಹೋಗುತ್ತದೆ. ಕೊನೆಗೆ ಮಕ್ಕಳು ಟಬ್ಬನ್ನೇ ನೆಲದ ಮೇಲೆ ಬೋರಲು ಹಾಕುತ್ತಾರೆ. ಅದು ಮಕ್ಕಳ ತಪ್ಪಲ್ಲ, ಆಳದ ತಪ್ಪು.

ನನ್ನ ಮಟ್ಟಿಗೆ ಇಡೀ ಹೋಲಿಕೆಯ ಸಾರ ಇಲ್ಲೇ ಇದೆ. ಪೀಸ್ ಚಿಕ್ಕದಾದಷ್ಟೂ ಡಬ್ಬದ ಆಳ ಕಡಿಮೆ ಇರಬೇಕು. ದೊಡ್ಡ ಇಟ್ಟಿಗೆ, ತಳಕ್ಕೆ ಹಾಸುವ ಬೇಸ್ ಪ್ಲೇಟ್, ದೊಡ್ಡ ಚಕ್ರ ಇವಕ್ಕೆ ಟಬ್ ಸರಿ. ಪುಟ್ಟ ಮಕ್ಕಳಿಗೆಂದೇ ಲೆಗೊ ಕಂಪನಿ ಮಾಡುವ ದೊಡ್ಡ ಇಟ್ಟಿಗೆ, ಡುಪ್ಲೊ ಇದ್ದರಂತೂ ಟಬ್ ಬಿಟ್ಟು ಬೇರೇನೂ ಬೇಡ. ಡುಪ್ಲೊ ಇಟ್ಟಿಗೆ ಉದ್ದ, ಅಗಲ, ಎತ್ತರ ಮೂರರಲ್ಲೂ ಲೆಗೊದ ಎರಡರಷ್ಟು. ಅದು ಎಲ್ಲೂ ಅಡಗಿ ಕೂರಲ್ಲ. ಇನ್ನೊಂದು ಮಾತು, ತೂಕ. 2×4 ಇಟ್ಟಿಗೆ ಒಂದು ಸುಮಾರು 2.3 ಗ್ರಾಂ. ಸಾವಿರ ಇಟ್ಟಿಗೆಗೆ ಎರಡು ಕಿಲೋ ದಾಟುತ್ತದೆ. ತುಂಬಿದ ಟಬ್ಬನ್ನು ನನ್ನ ಮಗಳು ಎತ್ತಲಾರಳು. ಹಾಗಾಗಿ ಒಂದು ದೊಡ್ಡದರ ಬದಲು ಎರಡು ಚಿಕ್ಕ ಟಬ್ ತೊಗೊಳ್ಳಿ.

ಇನ್ನು ವಿಂಗಡಣೆ. ಬಣ್ಣದ ಪ್ರಕಾರವೋ, ಆಕಾರದ ಪ್ರಕಾರವೋ? ಮಕ್ಕಳು ಮೊದಲು ಬಣ್ಣಕ್ಕೇ ಹೋಗುತ್ತಾರೆ. ನೋಡಲು ಚಂದ, ಮಾಡಲು ಸುಲಭ. ಕಟ್ಟಲು ಕೂತಾಗ ತೊಂದರೆ ಶುರು. ಮಗ ಲಾರಿ ಕಟ್ಟುತ್ತಿದ್ದ. ಕಪ್ಪು ಬಣ್ಣದ ಚಿಕ್ಕ ಕೀಲು ಬೇಕಿತ್ತು. ಕಪ್ಪು ಡಬ್ಬ ತೆಗೆದರೆ ಒಳಗೆ ಎಲ್ಲವೂ ಕಪ್ಪು. ಚಕ್ರದ ಅಚ್ಚು, ಪ್ಲೇಟ್, ಪಿನ್ ಎಲ್ಲ ಒಂದರೊಳಗೊಂದು ಕಲೆತು ಕಣ್ಣಿಗೆ ಒಂದೇ ಮುದ್ದೆ. ಅದೇ ಕೀಲುಗಳನ್ನೆಲ್ಲ ಒಂದು ಡಬ್ಬಕ್ಕೆ ಹಾಕಿದೆವು ಅನ್ನಿ. ಅದರಲ್ಲಿ ಕಪ್ಪು, ಕೆಂಪು, ಬೂದು ಎಲ್ಲ ಇರುತ್ತದೆ. ಕಪ್ಪು ಯಾವುದು ಅಂತ ಕಣ್ಣು ಥಟ್ಟನೆ ಹಿಡಿಯುತ್ತದೆ. ಬೆರೆತ ಬಣ್ಣಗಳಲ್ಲಿ ಒಂದು ಬಣ್ಣ ಹುಡುಕುವುದು ಸುಲಭ, ಒಂದೇ ಬಣ್ಣದ ರಾಶಿಯಲ್ಲಿ ಆಕಾರ ಹುಡುಕುವುದು ಕಷ್ಟ. ಆದ್ದರಿಂದ ನನ್ನ ಓಟು ಆಕಾರಕ್ಕೆ.

ಹಾಗಂತ ನೂರು ಬಗೆ ಮಾಡಬೇಡಿ. ನಮ್ಮಲ್ಲಿ ಇರುವುದು ಇಷ್ಟೇ: ಇಟ್ಟಿಗೆ, ತೆಳು ಪ್ಲೇಟ್, ಇಳಿಜಾರು ಪೀಸ್, ಚಕ್ರ ಮತ್ತು ಅಚ್ಚು, ಕಿಟಕಿ ಬಾಗಿಲು, ಮನುಷ್ಯರು ಮತ್ತು ಅವರ ಸಾಮಾನು, ಉಳಿದ ಚಿಲ್ಲರೆ. ಒಂದು ಡಬ್ಬ ತುಂಬಿ ತುಳುಕಿದರೆ ಆಗ ಮಾತ್ರ ಅದನ್ನು ಎರಡು ಮಾಡುತ್ತೇವೆ. ಎತ್ತಿಡುವ ಕೆಲಸ ಮಕ್ಕಳದ್ದು. ಅವರಿಗೆ ನೆನಪಿರುವಷ್ಟು ಬಗೆ ಸಾಕು, ಅಲ್ವಾ?

ಸೆಟ್ ಪ್ರಕಾರ ಬೇರೆ ಬೇರೆ ಇಡುವವರೂ ಇದ್ದಾರೆ. ಒಂದೊಂದು ಸೆಟ್, ಅದನ್ನು ಕಟ್ಟುವುದು ಹೇಗೆಂದು ತೋರಿಸುವ ಪುಸ್ತಕದ ಜೊತೆ ಜಿಪ್ ಕವರ್‌ನಲ್ಲಿ. ಅದೇ ಮಾದರಿಯನ್ನು ಮತ್ತೆ ಮತ್ತೆ ಕಟ್ಟುವ ಮಕ್ಕಳಿಗೆ ಇದು ಒಳ್ಳೆಯದು. ನಮ್ಮವರು ಮನಸ್ಸಿಗೆ ಬಂದದ್ದು ಕಟ್ಟುವವರು, ಹಾಗಾಗಿ ಎರಡು ಸೆಟ್ ಮಾತ್ರ ಹಾಗಿಟ್ಟು ಉಳಿದದ್ದು ಬೆರೆಸಿದೆವು. ಪುಸ್ತಕ ಹರಿದರೂ ಚಿಂತೆ ಇಲ್ಲ, ಹೆಚ್ಚಿನ ಸೆಟ್‌ಗಳ ಪುಸ್ತಕ ಕಂಪನಿಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹೊಸ ಸೆಟ್‌ಗಳ ಒಳಗೆ ಈಗ ಕಾಗದದ ಚೀಲ ಬರತೊಡಗಿವೆ. ಅವು ಒಮ್ಮೆ ಹರಿದರೆ ಮುಗಿಯಿತು. ಜಿಪ್ ಕವರ್ ಬೇರೆ ತರಬೇಕು.

ಬೆರೆತ ರಾಶಿಯನ್ನು ಬೇಗ ಬೇರೆ ಮಾಡಲು ನಮಗೆ ಬಹಳ ಉಪಯೋಗಕ್ಕೆ ಬಂದದ್ದು ಜರಡಿ ಮತ್ತು ಮೊರ. ಇದನ್ನು ಹೇಳಿಕೊಟ್ಟಿದ್ದು ನಮ್ಮ ಅತ್ತೆ. ಮಕ್ಕಳು ನೆಲದ ಮೇಲೆ ಒಂದೊಂದೇ ಪೀಸ್ ಆರಿಸುವುದನ್ನು ನೋಡಿ, "ಕೈಯಾಗ ಯಾಕ ಆರಸ್ತೀರಿ, ಜರಡಿ ಹಿಡೀರಿ" ಅಂದರು. ಕಾಳು ಜಾಲಿಸುವ ದೊಡ್ಡ ಕಣ್ಣಿನ ಜರಡಿ ಇತ್ತು. ಟಬ್ ಮೇಲೆ ಹಿಡಿದು ಅಲ್ಲಾಡಿಸಿದರೆ ಇಟ್ಟಿಗೆ, ಚಕ್ರ ಮೇಲೆ ನಿಲ್ಲುತ್ತವೆ. ಒಂದು ಗುಂಡಿ, ಎರಡು ಗುಂಡಿಯ ಚಿಲ್ಲರೆ ಕೆಳಗೆ ಬೀಳುತ್ತದೆ. ಜರಡಿಯ ಕಣ್ಣು ಸೆಂಟಿಮೀಟರಿಗಿಂತ ತುಸು ದೊಡ್ಡದಿರಬೇಕು. ಒಂದು ಉಪಾಯ ಗೊತ್ತಿರಲಿ: ಜರಡಿಯನ್ನು ಅಡ್ಡಕ್ಕೆ ಆಡಿಸಿ, ಕುಕ್ಕಬೇಡಿ. ಕುಕ್ಕಿದರೆ 1×8ರಂಥ ಉದ್ದನೆ ಪ್ಲೇಟ್‌ಗಳು ನಿಂತುಕೊಂಡು ಕಣ್ಣಿನೊಳಗೆ ತೂರಿ ಹೋಗುತ್ತವೆ. ಅವುಗಳ ಅಗಲ ಬರೀ 8 ಮಿಲಿಮೀಟರ್ ತಾನೇ. ಹಿಟ್ಟಿನ ಸಾಣಿಗೆಯಲ್ಲಿ ಪೀಸ್ ಒಂದೂ ಬೀಳಲ್ಲ, ಧೂಳು ಮಾತ್ರ ಬೀಳುತ್ತದೆ. ಅದೂ ಲಾಭವೇ.

ಜರಡಿ ಹಿಡಿದದ್ದನ್ನು ಮೊರಕ್ಕೆ ಸುರಿದು ಆರಿಸುತ್ತೇವೆ. ತಟ್ಟೆ, ಟ್ರೇ ಎಲ್ಲದಕ್ಕಿಂತ ಮೊರ ಮೇಲು. ಮೂರು ಕಡೆ ಅಂಚು, ಒಂದು ಕಡೆ ಬಾಯಿ. ಆರಿಸಿದ್ದನ್ನು ಆ ಬಾಯಿಯಿಂದ ನೇರ ಡಬ್ಬಕ್ಕೆ ಸುರಿಯಬಹುದು, ಒಂದೂ ಚೆಲ್ಲಲ್ಲ. ಬಿದಿರಿನ ಮೊರದ ಹೆಣಿಗೆಯಲ್ಲಿ ತೆಳು ಪೀಸ್ ಸಿಕ್ಕಿಕೊಳ್ಳುತ್ತವೆ. ಪ್ಲಾಸ್ಟಿಕ್ ಮೊರ ತೊಗೊಂಡರೆ ಆ ಕಷ್ಟ ಇಲ್ಲ.

ಈಗ ಖಾನೆ ಡಬ್ಬ. ಸ್ಕ್ರೂ, ನಟ್ಟು ಇಡಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತಲ್ಲ, ಅದು. ಮಣಿ, ಹರಳು ಮಾರುವ ಅಂಗಡಿಯಲ್ಲೂ ಇರುತ್ತದೆ. ಆಳ ಕಡಿಮೆ, ಪಾರದರ್ಶಕ ಮುಚ್ಚಳ, ಮೇಲಿಂದಲೇ ಎಲ್ಲ ಕಾಣುತ್ತದೆ. ಚಿಕ್ಕ ಪೀಸ್ ಹುಡುಕಲು ಇದಕ್ಕೆ ಸಮ ಬೇರೆ ಇಲ್ಲ. ಆದರೆ ಎಲ್ಲ ಖಾನೆ ಡಬ್ಬವೂ ಒಂದೇ ಅಲ್ಲ. ಲೆಗೊ ತೆಳು ಪ್ಲೇಟಿನ ದಪ್ಪ 3.2 ಮಿಲಿಮೀಟರ್, ಇಟ್ಟಿಗೆಯ ಮೂರನೇ ಒಂದು ಭಾಗ. ಮುಚ್ಚಳಕ್ಕೂ ಖಾನೆಯ ಗೋಡೆಗೂ ನಡುವೆ ಅದಕ್ಕಿಂತ ಜಾಸ್ತಿ ಸಂದಿದ್ದರೆ ಡಬ್ಬ ಓರೆಯಾದ ಕೂಡಲೇ ಪೀಸ್‌ಗಳು ಪಕ್ಕದ ಖಾನೆಗೆ ಹಾರುತ್ತವೆ. ತೆಗೆದು ಹಾಕುವ ಗೋಡೆಗಳಿರುವ ಡಬ್ಬದಲ್ಲಿ ಕೆಳಗಡೆಯಿಂದಲೂ ನುಸುಳುತ್ತವೆ. ಅಂಗಡಿಗೆ ಹೋಗುವಾಗ ಒಂದು ಹಿಡಿ ಚಿಕ್ಕ ಪ್ಲೇಟ್ ಜೇಬಿನಲ್ಲಿ ಒಯ್ಯಿರಿ. ಒಂದು ಖಾನೆಗೆ ಹಾಕಿ, ಮುಚ್ಚಿ, ತಲೆಕೆಳಗು ಮಾಡಿ ಚೆನ್ನಾಗಿ ಕುಲುಕಿ. ಎಲ್ಲ ಅಲ್ಲೇ ಉಳಿದರೆ ಮಾತ್ರ ದುಡ್ಡು ಕೊಡಿ. ಅಂಗಡಿಯವರು ಬೇಡ ಅನ್ನಲ್ಲ.

ಪಾರದರ್ಶಕ ಡಬ್ಬವನ್ನು ಕಿಟಕಿ ಪಕ್ಕ ಇಡಬೇಡಿ. ಲೆಗೊ ಇಟ್ಟಿಗೆ ಎಬಿಎಸ್ ಅನ್ನೋ ಬಗೆಯ ಗಟ್ಟಿ ಪ್ಲಾಸ್ಟಿಕ್. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಿಳಿ, ತಿಳಿ ಬೂದು ಪೀಸ್‌ಗಳು ಹಳದಿ ತಿರುಗುತ್ತವೆ. ನಮ್ಮೂರ ಬಿಸಿಲು ಹೇಳಬೇಕೇ? ತೊಳೆಯುವಾಗಲೂ ಇದೇ ಎಚ್ಚರ. ನೀರು 40 ಡಿಗ್ರಿ ದಾಟಬಾರದು ಅಂತ ಕಂಪನಿಯೇ ಹೇಳುತ್ತದೆ, ವಾಷಿಂಗ್ ಮಷೀನಿಗೂ ಹಾಕಬಾರದು. ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಟ್ಯಾಂಕಿನಿಂದ ಬರುವ ನೀರು ಕೈ ಸುಡುತ್ತದೆ. ಬೆಳಗ್ಗೆ ಹಿಡಿದಿಟ್ಟ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ತೊಳೆದು, ಮನೆಯೊಳಗೆ ಫ್ಯಾನ್ ಕೆಳಗೆ ಒಣಗಿಸುತ್ತೇವೆ.

ಮಸಾಲೆ ಡಬ್ಬಿಯನ್ನೂ ನೋಡಿದೆವು. ಬಟ್ಟಲುಗಳ ಆಳ ಸರಿಯಾಗಿದೆ, ಬೆರಳಿಗೆ ಪೀಸ್ ಚೆನ್ನಾಗಿ ಸಿಗುತ್ತದೆ. ಮೇಜಿನ ಮೇಲೆ ಇರುವ ತನಕ ಬಹಳ ಒಳ್ಳೆಯದು. ಎತ್ತಿಕೊಂಡು ಓಡಾಡಿದರೆ ಎಲ್ಲ ಬೆರೆಯುತ್ತದೆ. ಪ್ಲಾಸ್ಟಿಕ್ ಡ್ರಾಯರ್ ಸ್ಟ್ಯಾಂಡ್ ಜಾಗ ಉಳಿಸುತ್ತದೆ, ಆದರೆ ಡ್ರಾಯರ್ ಆಳ ಇದ್ದರೆ ಟಬ್ಬಿನದೇ ಕಥೆ. ಮಕ್ಕಳು ಪೂರ್ತಿ ಎಳೆದರೆ ಕಿತ್ತುಕೊಂಡು ಬೀಳುತ್ತದೆ. ತಡೆ ಇರುವುದನ್ನೇ ನೋಡಿ ತೊಗೊಳ್ಳಬೇಕು.

ನಮ್ಮ ಮನೆಯ ನಿಜವಾದ ಗೆಲುವು ಜೀನ್ಸ್ ಚೀಲ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಗೆ ಬರವೇ? ಹೊಲಿಗೆ ಕೆಲಸ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ನಮ್ಮ ಓಣಿಯಲ್ಲೇ ಜೀನ್ಸ್ ಹೊಲಿಯುವ ತಮ್ಮನೊಬ್ಬ ಇದ್ದಾನೆ. ಉಳಿದ ಬಟ್ಟೆಯಲ್ಲಿ ನಾಲ್ಕೂವರೆ ಅಡಿ ಅಗಲದ ದುಂಡನೆ ಹಾಸು ಹೊಲಿದುಕೊಟ್ಟ. ಅಂಚಿನ ಸುತ್ತ ಮಡಿಚಿ ದಾರ ಪೋಣಿಸಿದ. "ಅಕ್ಕಾ, ಒಂದೇ ದಾರ ಹಾಕಿದ್ರೆ ಬಾಯಿ ಪೂರ್ತಿ ಮುಚ್ಚಲ್ಲ, ಎರಡು ದಾರ ಎದುರುಬದುರು ಬಿಡ್ತೀನಿ" ಅಂದ. ಅವನು ಹೇಳಿದ್ದು ಸರಿ. ಎರಡೂ ಕಡೆಯಿಂದ ಎಳೆದರೆ ಇಡೀ ಹಾಸು ಚೀಲವಾಗಿ ಒಂದು ಪೀಸೂ ಬೀಳದಂತೆ ಮುಚ್ಚುತ್ತದೆ.

ಬಿಚ್ಚಿ ಹರಡಿದರೆ ಆಳವೇ ಇಲ್ಲ. ಎಲ್ಲ ಪೀಸ್ ಕಣ್ಣ ಮುಂದೆ. ಎತ್ತಿಡುವುದೂ ಟಬ್ಬಿನಷ್ಟೇ ಸುಲಭ. ಹಳೇ ಬೆಡ್‌ಶೀಟಿಗಿಂತ ಇದು ಯಾಕೆ ಮೇಲು ಅಂದರೆ, ದಪ್ಪ ಬಟ್ಟೆ ಮುದುಡಲ್ಲ, ಇಟ್ಟಿಗೆ ಮೂಲೆ ತಾಗಿ ಹರಿಯಲ್ಲ. ಎರಡು ವಿಷಯ ಮಾತ್ರ ಮೊದಲೇ ಹೇಳಿ ಮಾಡಿಸಿ. ಹೊಸ ಜೀನ್ಸ್ ಬಟ್ಟೆ ನೀಲಿ ಬಿಡುತ್ತದೆ, ಬಿಳಿ ಪೀಸ್‌ಗೆ ಹತ್ತುತ್ತದೆ. ನೀಲಿ ಹೋಗುವುದು ನಿಲ್ಲುವ ತನಕ ಒಗೆದ ಬಟ್ಟೆಯಲ್ಲೇ ಹೊಲಿಸಿ. ಆಮೇಲೆ, ಕಡು ನೀಲಿಯ ಮೇಲೆ ಕಪ್ಪು, ನೀಲಿ ಪೀಸ್ ಕಾಣಲ್ಲ. ಒಳಗಡೆ ತಿಳಿ ಬಣ್ಣದ ಕಾಟನ್ ಲೈನಿಂಗ್ ಹಾಕಿಸಿ. ನಮ್ಮದಕ್ಕೆ ತಿಳಿ ಹಳದಿ ಹಾಕಿಸಿದ್ದೇವೆ, ಬಹಳ ಚೆನ್ನಾಗಿ ಹೊಂದಿದೆ.

ಹಾಗಾದರೆ ಖಾನೆ ಡಬ್ಬ ಬೇಡವೇ? ಬೇಕು. ದಿನದ ಆಟದ ಪೀಸ್ ಎಲ್ಲ ಜೀನ್ಸ್ ಚೀಲದಲ್ಲಿ. ಚಿಲ್ಲರೆ ಪೀಸ್, ಮನುಷ್ಯರು ಖಾನೆ ಡಬ್ಬದಲ್ಲಿ. ಜಾಸ್ತಿ ಇರುವ ದೊಡ್ಡ ಇಟ್ಟಿಗೆ ಟಬ್ಬಿನಲ್ಲಿ. ಬೇರೆ ಕಂಪನಿಯ ಬ್ಲಾಕ್ಸ್ ಬೇರೆಯೇ ಇಡುತ್ತೇವೆ. ಕೆಲವು ಸಡಿಲ, ಕೆಲವು ಬಿಚ್ಚಲೇ ಆಗದಷ್ಟು ಬಿಗಿ. ಲೆಗೊದಲ್ಲಿ 1958ರ ಇಟ್ಟಿಗೆಗೂ ಈಗಿನದಕ್ಕೂ ಹೊಂದುತ್ತದೆ, ಅದಕ್ಕೇ ಅಣ್ಣನ ಮಗನ ಹಳೇ ರಾಶಿಯನ್ನು ಹೊಸದರ ಜೊತೆ ಧೈರ್ಯವಾಗಿ ಬೆರೆಸಿದೆವು. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಖಾನೆ ಡಬ್ಬ ಎತ್ತರದ ಶೆಲ್ಫಿನಲ್ಲೇ ಇರಲಿ. ಗಂಟಲಿಗೆ ಸಿಕ್ಕುವ ಗಾತ್ರ ಆ ಪೀಸ್‌ಗಳದ್ದು.

ಪ್ರಯಾಣದ ಲೆಕ್ಕ ಬೇರೆ. ರಜೆಯಲ್ಲಿ ಸಿರುಗುಪ್ಪ ದಾಟಿ ಸಿಂಧನೂರಿಗೆ, ತವರಿಗೆ ಹೋಗುತ್ತೇವೆ. ಬಸ್ಸಿನ ಕುಲುಕಾಟಕ್ಕೆ ಒತ್ತು ಮುಚ್ಚಳದ ಡಬ್ಬ ನಿಲ್ಲಲ್ಲ, ಬಾಯಿ ಬಿಡುತ್ತದೆ. ನಾಲ್ಕೂ ಕಡೆ ಕ್ಲಿಪ್ ಇರುವ ಟಿಫಿನ್ ಡಬ್ಬ ಎಲ್ಲಕ್ಕಿಂತ ಗಟ್ಟಿ. ಒಳಗೆ ಬಗೆ ಬಗೆಯನ್ನು ಸಣ್ಣ ಜಿಪ್ ಕವರ್‌ಗೆ ಹಾಕಿಟ್ಟರೆ ಬೆರೆಯುವುದೂ ಇಲ್ಲ. ಖಾನೆ ಡಬ್ಬವನ್ನೇ ಒಯ್ಯುವುದಾದರೆ ಸುತ್ತ ಅಗಲ ರಬ್ಬರ್ ಹಾಕಿ, ಬ್ಯಾಗಿನಲ್ಲಿ ಮಲಗಿಸಿ ಇಡಿ. ಜೀನ್ಸ್ ಚೀಲ ತುಂಬಿದಾಗ ಭಾರ, ದಾರ ಬೆರಳು ಕೊಯ್ಯುತ್ತದೆ. ದೂರಕ್ಕೆ ಅದು ಬೇಡ. ರೈಲಿನಲ್ಲಿ ಆಡಿಕೊಳ್ಳಲು ಅಂಚು ಎತ್ತರ ಇರುವ ಸ್ಟೀಲ್ ಊಟದ ತಟ್ಟೆ ಸಾಕು, ಪೀಸ್ ಸೀಟಿನ ಕೆಳಗೆ ಉರುಳಲ್ಲ.

ಕಟ್ಟಿದ ಮಾದರಿ ಒಯ್ಯುವುದು ಇನ್ನೂ ನಾಜೂಕು. ಮಗ ಐವತ್ತರ ನೋಟಿನ ಹಿಂದಿರುವ ಹಂಪಿಯ ಕಲ್ಲಿನ ರಥ ನೋಡಿ ಅದೇ ಥರ ಕಟ್ಟಿದ್ದ. ಶಾಲೆಗೆ ಒಯ್ಯಬೇಕಿತ್ತು. ಪೂರ್ತಿ ರಥವನ್ನು ಡಬ್ಬದಲ್ಲಿಟ್ಟರೆ ಮೇಲ್ಭಾಗ ಅಲ್ಲಾಡುತ್ತದೆ, ಭಾರ ಗಾಲಿಯ ಅಚ್ಚಿನ ಮೇಲೆ ಬೀಳುತ್ತದೆ. ಅದಕ್ಕೆ ಮೇಲ್ಭಾಗ, ನಡುಭಾಗ, ಗಾಲಿ ಮೂರನ್ನೂ ಬಿಡಿಸಿದೆವು. ಚಪ್ಪಲಿ ಡಬ್ಬದ ತಳಕ್ಕೆ ನಡುಭಾಗ, ಸುತ್ತ ಜೀನ್ಸ್ ಚಿಂದಿ ತುರುಕಿ, ಪಕ್ಕಕ್ಕೆ ಮೇಲ್ಭಾಗ. ಗಾಲಿಗಳು ಜಿಪ್ ಕವರ್‌ನಲ್ಲಿ. ಜೊತೆಗೆ ಒಂದು ಹಿಡಿ ಹೆಚ್ಚಿನ ಪೀಸ್. ಕ್ಲಾಸಿನಲ್ಲಿ ಮೂರೂ ಭಾಗ ಸಿಕ್ಕಿಸಲು ಅವನಿಗೆ ಐದು ನಿಮಿಷವೂ ಬೇಕಾಗಲಿಲ್ಲ.