ಎನ್‌ಪಿಟೆಲ್: ಹತ್ತು ವಿಷಯದ ಹುಚ್ಚಿರುವವರಿಗೆ ಒಂದು ಬುಧವಾರ

ನಾನು ಹಾವೇರಿಯಲ್ಲಿ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಓದಿದ್ದು ಬಿ.ಕಾಂ. ಆದರೆ ಹಕ್ಕಿ ಅಂದ್ರೆ ಹುಚ್ಚು, ಸಂಗೀತ ಅಂದ್ರೆ ಹುಚ್ಚು, ಎರಡು ವರ್ಷದಿಂದ ಕೋಡಿಂಗ್ ಬೇರೆ ಸೇರಿಕೊಂಡಿದೆ. "ತಮ್ಮಾ, ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು" ಅಂತ ಅಪ್ಪ ಹೇಳುತ್ತಲೇ ಬಂದಿದ್ದಾರೆ.

ಅಪ್ಪನ ಮೇಲೆ ಗೌರವ ಇದೆ, ಆದರೆ ಈ ಗಾದೆ ಮಾತ್ರ ನನಗೆ ಒಪ್ಪಿಗೆಯಾಗಿಲ್ಲ. ಶಿವರಾಮ ಕಾರಂತರು ಒಂದನ್ನೇ ಕಟ್ಟಿದ್ದರೆ ಕಾದಂಬರಿಗಳು ಸಿಗುತ್ತಿದ್ದವೇನೋ, ಯಕ್ಷಗಾನದ ಮೇಲೆ ಅವರು ಮಾಡಿದ ಕೆಲಸ ಎಲ್ಲಿರುತ್ತಿತ್ತು? ಮಕ್ಕಳಿಗೆ ಬರೆದ ವಿಜ್ಞಾನ ಎಲ್ಲಿರುತ್ತಿತ್ತು? ಆತ್ಮಕತೆಗೇ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅಂತ ಹೆಸರಿಟ್ಟವರು ಅವರು. ನಮ್ಮಂಥವರ ಕಷ್ಟ ಬೇರೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವವರು ಹೊಸದನ್ನು ಶುರು ಮಾಡುತ್ತೇವೆ, ಮೂರನೇ ವಾರಕ್ಕೆ ಬಿಡುತ್ತೇವೆ. ಆಸೆಯೇನೂ ಕಡಿಮೆ ಆಗಿರುವುದಿಲ್ಲ, ಆದರೆ ಈ ವಾರದ್ದು ಮುಗಿಸಿದೆಯಾ ಅಂತ ಕೇಳುವವರು ಯಾರೂ ಇರುವುದಿಲ್ಲ ಅಲ್ವಾ.

ಅದಕ್ಕೇ ಎನ್‌ಪಿಟೆಲ್ ಬಗ್ಗೆ ಬರೆಯಬೇಕು ಅನ್ನಿಸಿತು. ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ಕೋರ್ಸ್ ಕಲಿಯುವ ವ್ಯವಸ್ಥೆ ಇದು. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಇಂಜಿನಿಯರಿಂಗ್ ಹುಡುಗರಿಗೆ ಅಂತ ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಪಟ್ಟಿ ತೆರೆದು ನೋಡಿದರೆ ಕರ್ನಾಟಕ ಸಂಗೀತ ಇದೆ, ಪಕ್ಷಿಶಾಸ್ತ್ರ ಇದೆ, ಜಪಾನಿ ಭಾಷೆ ಇದೆ. ಸೇರುವುದಕ್ಕೆ, ಪಾಠ ಕೇಳುವುದಕ್ಕೆ ದುಡ್ಡಿಲ್ಲ. ನೀವು ಯಾವ ಡಿಗ್ರಿ ಮಾಡಿದ್ದೀರಿ ಅಂತ ತಡೆಯುವವರೂ ಇಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ಫೀಸು, ನಾನು ಕೋರ್ಸಿಗೆ 1000 ರೂಪಾಯಿ ಕಟ್ಟಿದ್ದೆ.

ವಿಡಿಯೋ ಪಾಠ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬುಧವಾರ. ನಾನು ಸೇರಿದ ಕೋರ್ಸ್‌ಗಳಲ್ಲಿ ವಾರದ ಅಸೈನ್‌ಮೆಂಟ್ ಬುಧವಾರ ರಾತ್ರಿ 11:59ರ ಒಳಗೆ ಹೋಗಬೇಕಿತ್ತು. ಹನ್ನೆರಡು ಹೊಡೆಯಿತೋ, ಮುಗಿಯಿತು. ಎಂಟು ವಾರದ ಕೋರ್ಸಾದರೆ ಎಂಟರಲ್ಲಿ ಒಳ್ಳೆಯ ಆರನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಅದಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ಅಂದರೆ ಮನೆಯಲ್ಲಿ ಹಬ್ಬವೋ ಜ್ವರವೋ ಬಂದು ಒಂದೆರಡು ವಾರ ತಪ್ಪಿದರೂ ದಾರಿ ಮುಚ್ಚುವುದಿಲ್ಲ. ದುಡಿದು ಬಂದು ಓದುವವರಿಗೆ ಇದು ದೊಡ್ಡ ಉಪಕಾರ. ಮಂಗಳವಾರ ಊಟ ಆದಮೇಲೆ ಕೂತರೆ ಬುಧವಾರದ ಹೊತ್ತಿಗೆ ಮುಗಿಯುತ್ತದೆ, ಹೀಗೆ ನನ್ನ ವಾರಕ್ಕೆ ಒಂದು ಗೂಟ ಬಿತ್ತು.

ಐಐಟಿ ಮದ್ರಾಸಿನ ಕರ್ನಾಟಕ ಸಂಗೀತದ ಕೋರ್ಸು ಮತ್ತು ಐಐಟಿ ರೋಪರ್‌ನ ಪೈಥಾನ್ ಅನ್ನೋ ಕೋಡಿಂಗ್ ಭಾಷೆಯ ಕೋರ್ಸು, ಎರಡನ್ನೂ ಒಟ್ಟಿಗೆ ತೆಗೆದುಕೊಂಡಿದ್ದೆ.  ಸಂಗೀತದ ಪಾಠದಲ್ಲಿ ಆದಿತಾಳ ಬಂತು, ಅದರ ಎಣಿಕೆ ಎಂಟು: ಒಂದು ತಟ್ಟು, ಕಿರುಬೆರಳಿನಿಂದ ಮೂರು ಬೆರಳು, ಮತ್ತೆ ತಟ್ಟು, ಬೀಸು, ತಟ್ಟು, ಬೀಸು. ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಇದನ್ನೇ ಹಾಕುತ್ತಿದ್ದೆ. ಅದೇ ವಾರ ಪೈಥಾನ್‌ನಲ್ಲಿ ಭಾಗಿಸಿ ಶೇಷ ತೆಗೆಯುವುದನ್ನು ಕಲಿತಿದ್ದೆ. ಎಣಿಕೆಯನ್ನು 8ರಿಂದ ಭಾಗಿಸು. ಶೇಷ 1, 5 ಅಥವಾ 7 ಬಂದರೆ ತಟ್ಟು, 6 ಅಥವಾ ಸೊನ್ನೆ ಬಂದರೆ ಬೀಸು, ಉಳಿದದ್ದು ಬೆರಳು. ಏಳೆಂಟು ಸಾಲಿನ ಪ್ರೋಗ್ರಾಂ ಅಷ್ಟೇ. ಪರದೆಯ ಮೇಲೆ ತಾಳ ಸುತ್ತತೊಡಗಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ಕಡೆ ಗದಗ, ಕುಂದಗೋಳ ಅಂದ್ರೆ ಹಿಂದೂಸ್ತಾನಿ ಸಂಗೀತ, ಹಾಗಾಗಿ 8 ಇದ್ದ ಕಡೆ 16 ಹಾಕಿ, ಒಂಬತ್ತನೇ ಎಣಿಕೆಗೆ ಖಾಲಿ, ಅಂದರೆ ಬೀಸು ಇಟ್ಟು, ಅಲ್ಲಿನ ಹದಿನಾರು ಎಣಿಕೆಯ ತಾಳವಾದ ತೀನ್‌ತಾಲವನ್ನೂ ಮಾಡಿದೆ. ಎರಡು ಬೇರೆ ಬೇರೆ ಪಾಠ ಒಂದನ್ನೊಂದು ಕೈಹಿಡಿದು ಎಬ್ಬಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದು ಅವತ್ತು. ಒಂದೇ ಕಟ್ಟಿಕೊಂಡಿದ್ದರೆ ಆ ರಾತ್ರಿ ಬರುತ್ತಿರಲಿಲ್ಲ. ಆಮೇಲೆ ಸೊಸೈಟಿಯ ಹಿಂದಿನ ಆಲದ ಮರದಲ್ಲಿ ಕುಟ್ರ ಹಕ್ಕಿ ಟುಕ್ ಟುಕ್ ಅಂತ ಕೂಗಿದರೂ ಬೆರಳು ತಾನಾಗಿ ಎಣಿಸುತ್ತದೆ.

ಕೊರತೆಯನ್ನೂ ಹೇಳಬೇಕು. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಕೆಲವು ಕೋರ್ಸ್‌ಗಳ ಪಾಠದ ಬರಹ ಕನ್ನಡದಲ್ಲೂ ಸಿಗುತ್ತದೆ, ಅದು ಇನ್ನೂ ಜಾಸ್ತಿ ಆಗಬೇಕು, ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲ ವಾರದಲ್ಲೇ ಹೆದರಬಾರದು. ಇನ್ನೊಂದು, ಕೈಯಿಂದ ಕಲಿಯಬೇಕಾದದ್ದು ಇಲ್ಲಿ ಬರುವುದಿಲ್ಲ. ತಾಳ ಗೊತ್ತಾಗುತ್ತದೆ, ಹಾಡುವುದಕ್ಕೆ ಗುರುಗಳ ಮುಂದೆಯೇ ಕೂರಬೇಕು. ಹಕ್ಕಿಯ ಪಾಠ ಕೇಳಿದ ಮೇಲೆ ರಾಣೆಬೆನ್ನೂರಿನ ಕೃಷ್ಣಮೃಗದ ಕಾಡಿಗೆ ಬೆಳಿಗ್ಗೆ ಬೇಗ ಹೋಗಲೇಬೇಕು.

ಒಂದು ಸಲ ಮೂರು ಕೋರ್ಸ್ ಒಟ್ಟಿಗೆ ಹಾಕಿಕೊಂಡೆ. ಒಂದೊಂದಕ್ಕೂ ವಾರಕ್ಕೆ ಎರಡೂವರೆ ಗಂಟೆ ಪಾಠ, ಮೇಲೆ ಅಸೈನ್‌ಮೆಂಟು. ಒಂದನ್ನು ಬಿಡಬೇಕಾಯಿತು, ಬೇಜಾರಾಯಿತು. ಎರಡು ಸಾಕು, ಅದೂ ಒಂದಕ್ಕೊಂದು ದೂರದ ವಿಷಯ ಇರಲಿ. ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗಿದ್ದೆ. ಅಕ್ಕಪಕ್ಕ ಎಲ್ಲಾ ಕಾಲೇಜು ಹುಡುಗರು, ನಡುವೆ ನಾನು, ಆದರೆ ಅಲ್ಲಿ ಯಾರೂ ವಯಸ್ಸು ಕೇಳಲಿಲ್ಲ. ಸಂಗೀತದಲ್ಲಿ 78 ಬಂತು. 75 ದಾಟಿದರೆ ಸರ್ಟಿಫಿಕೇಟಿನ ಮೇಲೆ ಬೆಳ್ಳಿ ಅಂತ ಬರುತ್ತದೆ. ಅಪ್ಪನ ಕೈಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಕನ್ನಡಕ್ಕಾಗಿ ಉಳಿಸಿಕೊಂಡಿದ್ದೇನೆ. ಜನವರಿಗೆ ಒಂದು ಸುತ್ತು, ಜುಲೈಗೆ ಒಂದು ಸುತ್ತು ಶುರುವಾಗುತ್ತದೆ. ಮುಂದಿನ ಜುಲೈಗೆ ಐಐಟಿ ಕಾನ್ಪುರದ ಜಪಾನಿ ಕೋರ್ಸ್ ಬಂದರೆ ಸೇರುವವನಿದ್ದೇನೆ. ಮಗಳು ಜೊತೆಗೆ ಕೂರುತ್ತೇನೆ ಅಂದಿದ್ದಾಳೆ, ಅವಳಿಗೂ ಒಂದು ನೋಟ್‌ಬುಕ್ ತಂದಿಟ್ಟಿದ್ದೇನೆ.