ಸೂಜಿ ನೋವಿಗೆ ಲಿಡೋಕೇನ್-ಪ್ರಿಲೋಕೇನ್ ಕ್ರೀಮು: ತಡಸದಲ್ಲಿ ಹಚ್ಚಿದ್ರೆ ಹುಬ್ಬಳ್ಳಿಲಿ ಕೆಲ್ಸ ಮಾಡುತ್ತೆ

ನಮ್ಮನೆ ಕೂಸಿಗೆ 6 ವರ್ಷ, ರಕ್ತದ ಕ್ಯಾನ್ಸರು, ಫೈಲಲ್ಲಿ ಎ.ಎಲ್.ಎಲ್ ಅಂತ ಬರೆದಿರ್ತಾರೆ. ಟ್ರೀಟ್ಮೆಂಟು ಎರಡು ಎರಡೂವರೆ ವರ್ಷದ್ದು. ನಮ್ಮ ಜಿಲ್ಲೆಗೆ ಒಂದು ದೊಡ್ಡಾಸ್ಪತ್ರೆ ಕೊಡಿ ಅಂತ ಕೂಗಿ ಕೂಗಿ ಗಂಟ್ಲು ಹರೀತು, ಅಲ್ಲಿವರೆಗೆ ಶಿರಸಿಯಿಂದ ಹುಬ್ಬಳ್ಳಿಗೆ 100 ಕಿಲೋಮೀಟರು ಬಸ್ಸೇ ಗತಿ. ಕೂಸಿಗೆ ಸೂಜಿ ಹೆದ್ರಿಕೆ ಎಷ್ಟು ಕೂತಿತ್ತು ಅಂದ್ರೆ ಮುಂಡಗೋಡ ದಾಟಿದ ಕೂಡ್ಲೇ ಎರಡೂ ಕೈ ಫ್ರಾಕಿನೊಳಗೆ ಸೇರಿಸ್ಕೊಂಡು ಕೂತುಬಿಡ್ತಿತ್ತು, ಅವಲಕ್ಕಿ ಕೊಟ್ರೂ ಕೈ ಹೊರಗೆ ಬರ್ತಿರ್ಲಿಲ್ಲ.

ವಾರ್ಡಲ್ಲಿ ಪಕ್ಕದ ಬೆಡ್ಡಿನ ಅಂಕೋಲಾದ ಅಕ್ಕ ಒಬ್ರು ಹೇಳಿದ್ರು, ಮರಗಟ್ಟೋ ಕ್ರೀಮು ಸಿಗುತ್ತೆ ಹಚ್ಚಿ ನೋಡಿ ಅಂತ. ಊರಿಗೆ ಬಂದು ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಲಿಗ್ನೋಕೇನ್ (ಲಿಡೋಕೇನಿಗೇ ಇನ್ನೊಂದು ಹೆಸ್ರು) ಜೆಲ್ಲಿ ಕೊಟ್ಟು ಎರಡೂ ಒಂದೇ ಅಂದ. ಒಂದೇ ಅಲ್ಲ ಮಾರಾಯ್ರೆ! ಜೆಲ್ಲಿ ಇರೋದು ಬಾಯಿ, ಮೂತ್ರದ ದಾರಿ ಇಂಥ ಒದ್ದೆ ಜಾಗಕ್ಕೆ, ಗಟ್ಟಿ ಚರ್ಮದೊಳಗೆ ಅದು ಸರಿಯಾಗಿ ಇಳಿಯೋದೇ ಇಲ್ಲ. ಕೂಸಿಗೆ ನೋವಾಗಲ್ಲ ಅಂತ ನಂಬಿಸಿ ಕರ್ಕೊಂಡು ಹೋಗಿದ್ದೆ. ಸೂಜಿ ಚುಚ್ಚಿದಾಗ ನನ್ನ ಮುಖ ನೋಡಿ ಅತ್ತಿದ್ದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಆಮೇಲೆ ಒಂದು ತಿಂಗ್ಳು ನನ್ನ ಮಾತು ನಂಬಲೇ ಇಲ್ಲ.

ಟ್ಯೂಬಿನ ಮೇಲೆ ಲಿಡೋಕೇನ್ 2.5%, ಪ್ರಿಲೋಕೇನ್ 2.5% ಅಂತ ಎರಡೂ ಇರ್ಬೇಕು, ಅದನ್ನ ಓದಿ ತಗೊಳ್ಳಿ. ಉಜ್ಜಬಾರ್ದು, ದೋಸೆಗೆ ಬೆಣ್ಣೆ ಇಟ್ಟಂಗೆ ದಪ್ಪಗೆ ಇಟ್ಟು ಮೇಲೆ ಗಾಳಿ ಆಡದಂಗೆ ಮುಚ್ಚಿ ಕನಿಷ್ಠ 60 ನಿಮಿಷ ಬಿಡ್ಬೇಕು. ಅಷ್ಟೊತ್ತಿಗೆ 3 ಮಿಲಿಮೀಟರು ಆಳದವರೆಗೆ ಮರಗಟ್ಟುತ್ತೆ, ಎರಡು ಗಂಟೆ ಬಿಟ್ರೆ 5 ಮಿಲಿಮೀಟರು. ಆಸ್ಪತ್ರೆಲಿ ಒಂದು ಗಂಟೆ ಮೊದ್ಲು ಹಚ್ಚೋಕೆ ಸಿಸ್ಟರಿಗೆ ಪುರುಸೊತ್ತೆಲ್ಲಿ, ಒಬ್ಬರಿಗೆ ಮೂವತ್ತು ಮಕ್ಕಳು. ಅದಕ್ಕೆ ನಾನು ಬಸ್ಸಲ್ಲೇ ಹಚ್ತೀನಿ, ತಡಸ ಕ್ರಾಸ್ ಬಂತು ಅಂದ್ರೆ ನಮ್ಮ ಟೈಮು. ಎರಡೂ ಕೈಗೆ ಹಚ್ಚಿ, ಒಂದು ಕಡೆ ನರ ಸಿಗ್ದೇ ಇದ್ರೆ ಇನ್ನೊಂದು ಕಡೆ ಬೇಕಾಗುತ್ತೆ. ಮುಚ್ಚೋಕೆ ಪಾರದರ್ಶಕ ಸ್ಟಿಕರು ಅಂತ ಮಾರ್ತಾರೆ, ದುಡ್ಡು ದಂಡ, ಅದನ್ನ ಕೀಳುವಾಗ ರೋಮ ಹಿಡಿದು ಎಳೆದು ಕೂಸು ಅದಕ್ಕೇ ಅತ್ತಿತ್ತು. ಚಪಾತಿ ಸುತ್ತೋ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದ್ರೆ ಸಾಕು.

ತೊಂದ್ರೆ ಇಲ್ಲ ಅಂತಲ್ಲ. ಹಚ್ಚಿದ ಜಾಗ ಬೆಳ್ಳಗಾಗಿ ನರ ಕುಗ್ಗಿದಂಗೆ ಆಗುತ್ತೆ, ಸಿಸ್ಟರಿಗೆ ಸಿಟ್ಟು ಬರುತ್ತೆ. ಒರೆಸಿ ಹತ್ತು ನಿಮಿಷ ಬಿಟ್ಟು ಕೈ ಬೆಚ್ಚಗೆ ಹಿಡ್ಕೊಂಡ್ರೆ ನರ ಮೇಲೆ ಬರುತ್ತೆ. ಗಾಯದ ಮೇಲೆ ಹಚ್ಚೋದೇ ಬೇಡ. ಇನ್ನೊಂದು ಮುಖ್ಯ ವಿಷ್ಯ, ಈ ಮಕ್ಕಳಿಗೆ ನ್ಯುಮೋನಿಯಾ ಬರದೇ ಇರ್ಲಿ ಅಂತ ಕೋ-ಟ್ರೈಮೊಕ್ಸಜೋಲ್ ಮಾತ್ರೆ ಕೊಡ್ತಿರ್ತಾರಲ್ಲ, ಅದೂ ಈ ಕ್ರೀಮೂ ಸೇರಿದ್ರೆ ರಕ್ತ ಆಕ್ಸಿಜನ್ ಹೊರೋ ಶಕ್ತಿ ಕಮ್ಮಿಯಾಗೋ ಅಪಾಯ ಇದೆ, ಎಳೆ ಮಕ್ಕಳಿಗೆ ಇನ್ನೂ ಜಾಸ್ತಿ. ನಮ್ಮ ಡಾಕ್ಟ್ರು ತೂಕ ನೋಡಿ ಇಷ್ಟೇ ಹಚ್ಚಿ ಅಂತ ಅಳತೆ ಹೇಳಿಕೊಟ್ರು. ಕೇಳದೇ ಹಚ್ಚಬೇಡಿ.

ಬೆನ್ನಿನ ಸೂಜಿಗೂ ಚರ್ಮದ ಮಟ್ಟಿಗೆ ಉಪಯೋಗ ಆಗುತ್ತೆ. ಮೂಳೆ ಮಜ್ಜೆ ತೆಗೆಯೋದಕ್ಕೆ ಮಾತ್ರ ಇದನ್ನ ನೆಚ್ಕೋಬೇಡಿ. ಮೂಳೆ ಮೇಲಿನ ಪೊರೆಯವರೆಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ರೂ ಸಿರಿಂಜಲ್ಲಿ ಮಜ್ಜೆ ಎಳೆಯೋವಾಗಿನ ನೋವು ಹೋಗಲ್ಲ. ಮೊದ್ಲು ತೋರಿಸಿದ ಕಡೆ ನಾಲ್ಕು ಜನ ಕೂಸನ್ನ ಅಮುಕಿ ಹಿಡ್ದು ಮಾಡಿದ್ರು, ಐದು ನಿಮಿಷದ ಕೆಲ್ಸ ಅಂತ ನನಗೆ ಸಮಾಧಾನ ಬೇರೆ. ಈಗಿನ ಕಡೆ ಕೆಟಮೈನ್ ಕೊಟ್ಟು ಮಂಪರು ಬರಿಸಿ ಮಾಡ್ತಾರೆ, ಗಟ್ಟಿ ಆಹಾರ 6 ತಾಸು ಮೊದ್ಲೇ ಬಂದ್. ಕೆಟಮೈನ್ ಏನು ಭಾರೀ ತುಟ್ಟಿ ಔಷಧಿ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿ ಪಟ್ಟಿಲೂ ಇದೆ. ಬೇಕಾಗೋದು ಆಕ್ಸಿಜನ್ನು, ಮತ್ತೆ ಉಸಿರು ನೋಡ್ಕೊಂಡು ಪಕ್ಕದಲ್ಲೇ ನಿಲ್ಲೋ ತರಬೇತಿ ಆದವ್ರು ಒಬ್ರು. ನನಗೆ ಕಂಡಂಗೆ ಸಣ್ಣ ಆಸ್ಪತ್ರೆಗಳಲ್ಲಿ ಬರಗಾಲ ಆ ಒಬ್ಬರದ್ದೇ.

ಕಾಸಿಲ್ಲದ ಔಷಧಿ ಒಂದು ಈಗಿನ ಆಸ್ಪತ್ರೆ ಸಿಸ್ಟರು ಕಲಿಸಿದ್ರು. ಮಲಗಿಸಿ ಹಿಡಿಯೋ ಬದ್ಲು ಆಯಿ (ತಾಯಿ) ತೊಡೆ ಮೇಲೆ ಎದೆಗೊರಗಿಸಿ ಕೂರಿಸೋದು, ಕೈಗೆ ಸೋಪಿನ ಗುಳ್ಳೆ ಬಾಟ್ಲಿ ಕೊಟ್ಟು ಊದು ಅನ್ನೋದು. ನಾನು ಒಳಗೊಳಗೇ ನಕ್ಕಿದ್ದೆ, ಇದ್ರಲ್ಲೇನಾಗುತ್ತೆ ಅಂತ. ಕ್ರೀಮು ಹಚ್ಚಿದ ಕೈಗೆ ಸೂಜಿ ಹೋಗಿ ಪ್ಲಾಸ್ಟರ್ ಹಾಕಿ ಆದ್ಮೇಲೆ ಕೂಸು, ಆಯಿ ಯಾವಾಗ ಚುಚ್ತಾರೆ ಅಂತ ಕೇಳ್ತು.

ಐದಕ್ಕೆ ನಾಲ್ಕು ಸ್ಟಾರು. ಒಂದು ಕಟ್ ಮಾಡಿದ್ದು ನಮ್ಮೂರಲ್ಲಿ ಸಿಗ್ದೇ ಹುಬ್ಬಳ್ಳಿಯಿಂದಲೇ ತರಬೇಕು ಅನ್ನೋದಕ್ಕೆ. ಬರೋ ಮಂಗಳವಾರ ಮತ್ತೆ ಹೋಗೋದಿದೆ, ಟ್ಯೂಬಲ್ಲಿ ಇನ್ನೂ ಎರಡು ಸಲಕ್ಕಾಗೋಷ್ಟು ಇದೆ, ಅದ್ರಲ್ಲಿ ಕೂಸು ತನ್ನ ಗೊಂಬೆ ಕೈಗೂ ಚೂರು ಹಚ್ಚಿಸ್ಕೊಳ್ಳುತ್ತೆ.